ಬೀಜಕ್ಕೆ ಬಿಟ್ಟ ಹೂವು

ಅಕ್ಟೋಬರ್ 9

ಗುಂಡೀ,

ನಿನ್ನ ಕಾಗದ ಬಂತು. ಹದಿನಾಲ್ಕು ತಿಂಗಳಾದ ಮೇಲೆ ಅಪ್ಪನ ನೆನಪಾಯ್ತಲ್ಲ, ಅದೂ ಕೈ ಒಡೆದಿದೆ ಮುಲಾಮು ಬೇಕು ಅಂತ! ವಾರ್ಡಿನಲ್ಲಿ ದಿನಕ್ಕೆ ನಲವತ್ತು ಸಲ ಕೈ ತೊಳೆದರೆ ಒಡೆಯದೆ ಇನ್ನೇನಾಗುತ್ತೆ? ಅಷ್ಟು ದೊಡ್ಡ ಆಸ್ಪತ್ರೆ, ನರ್ಸಮ್ಮನ ಕೈಗೆ ಹಚ್ಚೋಕೆ ಒಂದು ಟ್ಯೂಬ್ ಇಲ್ವ? ಇರಲಿ. ನಿಮ್ಮಮ್ಮ ಮಾಡಿಟ್ಟಿದ್ದು ಎರಡು ಡಬ್ಬಿ ಉಳಿದಿತ್ತು. ಒಂದು ಕಳಿಸಿದೀನಿ. ಇನ್ನೊಂದು ನನ್ನ ಹತ್ರ ಇರಲಿ.

ನಿನ್ನೆ ಹಿತ್ತಲಲ್ಲಿ ಅವಳ ಪಾತಿ ಅಗೆದೆ. ಹೋದ ವರ್ಷ ಅದರ ಕಡೆ ತಿರುಗಿ ನೋಡೋಕೂ ಮನಸ್ಸು ಬಂದಿರಲಿಲ್ಲ. ಕ್ಯಾಲೆಂಡುಲಾ ಬೀಜ ದಾರದ ಡಬ್ಬಿಯಲ್ಲಿ ಪೊಟ್ಟಣ ಕಟ್ಟಿಟ್ಟಿದ್ದಳು. ಅರ್ಧ ಇಂಚು ಆಳ, ಒಂದೊಂದಕ್ಕೂ ಗೇಣುದ್ದ ಅಂತರ. ಟೇಪು ಹಿಡಿದೇ ಹಾಕಿದೆ, ದರ್ಜಿಯ ಕೈ ಸುಮ್ಮನಿರುತ್ತಾ? ಎದುರು ಮನೆಯಾಕೆ ಇಣುಕಿ "ಚೆಂಡುಹೂವಾ?" ಅಂದಳು. ಅಲ್ಲಮ್ಮ, ಇದು ಬೇರೆ, ಇದು ಔಷಧಿ ಹೂವು ಅಂದೆ. "ಬಣ್ಣ ಒಂದೇ ತಾನೆ ಬಿಡಿ" ಅಂದಳು. ಕೋಟಿಗೂ ಪೈಜಾಮಕ್ಕೂ ವ್ಯತ್ಯಾಸ ಗೊತ್ತಿಲ್ಲದ ಜನ.

ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಫೋನ್ ಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಆ ದಿನವೇ ಕಣ್ಣಮುಂದೆ ಬರುತ್ತೆ. ನನ್ನನ್ನ ಮಾತ್ರೆ ತರೋಕೆ ಕಳಿಸಿ, ನಾನು ವಾಪಸ್ ಬರೋದರೊಳಗೆ ಅವಳ ಕಾಲು ತೆಗೆಯೋ ಕಾಗದಕ್ಕೆ ಸಹಿ ಹಾಕಿದ್ದೆ. ಕಾಲೂ ಹೋಯ್ತು, ಹತ್ತೊಂಬತ್ತನೇ ದಿನ ಅವಳೂ ಹೋದಳು. ಆವತ್ತು ಈ ಮನೆಗೆ ಬರಬೇಡ ಅಂದಿದ್ದೆ. ಈಗಲೂ ಅದನ್ನೇ ಹೇಳ್ತೀನಿ. ಕಾಗದ ಬರಿ, ಓದ್ತೀನಿ.

ಅಪ್ಪ


ಅಕ್ಟೋಬರ್ 23

ಅಪ್ಪಾ,

ಡಬ್ಬಿ ತಲುಪಿತು. ಮುಚ್ಚಳ ತೆಗೆದ ತಕ್ಷಣ ಅಮ್ಮನ ಕೈ ವಾಸನೆ. ಡ್ಯೂಟಿ ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಅತ್ತೆ, ಹೇಳಿಬಿಡ್ತೀನಿ. ಕೈ ಈಗ ಪರವಾಗಿಲ್ಲ.

ಬರಬೇಡ ಅಂದಿದೀರಿ, ಬರಲ್ಲ. ಫೋನೂ ಬೇಡ ಅಂದಿರಿ, ಆಯ್ತು. ಆದರೆ ಮೂರು ಪ್ರಶ್ನೆ ಕೇಳ್ತೀನಿ, ಮೂರಕ್ಕೂ ಉತ್ತರ ಬೇಕು. ಸಕ್ಕರೆ ಕಾಯಿಲೆ ನಿಮಗೂ ಇದೆ, ಕೊನೇ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಓಡಾಡ್ತಿದೀರಾ? ದಿನಾ ಅಂಗಾಲು ನೋಡ್ಕೋತಿದೀರಾ? ಬಗ್ಗೋಕಾಗದಿದ್ದರೆ ಗಿರಾಕಿಗಳ ಕನ್ನಡಿ ನೆಲಕ್ಕೆ ಇಳಿಸಿ, ಅದರ ಮೇಲೆ ಕಾಲು ಹಿಡೀರಿ. ನಿಮ್ಮ ಅಂಗಡಿ ನೆಲದ ತುಂಬ ಗುಂಡುಸೂಜಿ ಅನ್ನೋದು ನನಗೆ ಗೊತ್ತು.

ಗಿಡ ಗೇಣುದ್ದ ಆದಾಗ ತುದಿ ಚಿವುಟೋದು ಮರೀಬೇಡಿ. ಇಲ್ಲದಿದ್ದರೆ ಒಂದೇ ಕಡ್ಡಿಯಾಗಿ ಮೇಲಕ್ಕೆ ಹೋಗುತ್ತೆ.

ಗುಂಡಿ


ನವೆಂಬರ್ 20

ನರ್ಸಮ್ಮನವರ ಸನ್ನಿಧಾನಕ್ಕೆ,

ರಕ್ತ ಪರೀಕ್ಷೆ: ಮಾಡಿಸಿದೆ ಅಂದರೆ ನಂಬ್ತೀಯ, ಮಾಡಿಸಿಲ್ಲ ಅಂದರೆ ತಲೆ ತಿಂತೀಯ. ಯಾವುದು ಬೇಕೋ ಅದನ್ನ ತಗೋ. ಚಪ್ಪಲಿ: ಪೆಡಲು ತುಳಿಯೋನಿಗೆ ಬರಿಗಾಲೇ ಬೇಕು. ಚಪ್ಪಲಿ ಹಾಕ್ಕೊಂಡು ಹೊಲಿಗೆ ಹಾಕಿದರೆ ದಾರ ಹನ್ನೆರಡು ಸಲ ಕಡಿಯುತ್ತೆ.

ಗಿಡಗಳು ಮೊಣಕಾಲುದ್ದ ಆಗಿವೆ. ತುದಿ ಚಿವುಟಿದೆ. ಹೇನು ಬಿದ್ದಿತ್ತು, ಎಳೆ ಚಿಗುರಿನ ಕೆಳಗೆ ಕರಿ ಎಳ್ಳು ಚೆಲ್ಲಿದ ಹಾಗೆ. ಸೋಪಿನ ನೀರು ಚಿಮುಕಿಸಿ ಒಂದೊಂದೇ ಎಲೆ ಒರೆಸಿದೆ. ಪಕ್ಕದ ಬ್ರೆಡ್ಡಂಗಡಿಯವನು ಗೋಡೆ ಮೇಲಿಂದ ನೋಡಿ "ಮಗುವಿಗೆ ಸ್ನಾನ ಮಾಡಿಸ್ತಿದೀರಾ?" ಅಂತ ಹಲ್ಲುಕಿರಿದ. ಕಿರೀಲಿ. ಒಲೆ ಸುಟ್ಟ ಬೆರಳಿಗೆ ಮುಲಾಮು ಕೇಳ್ಕೊಂಡು ಬರ್ತಾನಲ್ಲ, ಆಗ ನೋಡ್ಕೋತೀನಿ.

ಇನ್ನೊಂದು ವಿಷಯ, ದೊಡ್ಡದೇನಲ್ಲ. ಹೋದ ವಾರ ಚಳಿಗೆ ಅಂತ ಹಾಕ್ಕೊಂಡಿದ್ದ ಕಾಲುಚೀಲ ಬಿಚ್ಚೋಕೆ ಹೋದರೆ ಬರಲಿಲ್ಲ. ನೋಡಿದರೆ ಗುಂಡುಸೂಜಿ ಹಿಮ್ಮಡಿಯೊಳಗೆ ತಲೆವರೆಗೂ ಇಳಿದಿದೆ. ಎಷ್ಟು ದಿನದಿಂದ ಇತ್ತೋ ಯಾರಿಗ್ಗೊತ್ತು. ನೋವೇ ಇಲ್ಲ ನೋಡು! ಎಳೆದು ತೆಗೆದೆ, ತೊಳೆದೆ, ಮುಲಾಮು ಹಚ್ಚಿ ಬಟ್ಟೆ ಕಟ್ಟಿದೆ. ನಗಬೇಡ. ನಲವತ್ತು ವರ್ಷದ ದರ್ಜಿ ತನ್ನ ಕಾಲನ್ನೇ ಹೊಲಿದುಕೊಂಡ.

ಅಪ್ಪ


ನವೆಂಬರ್ 26

ಅಪ್ಪಾ,

ನಗು ಬರಲಿಲ್ಲ.

ನೋವಿಲ್ಲ ಅನ್ನೋದೇ ಕೆಟ್ಟ ಸುದ್ದಿ. ಸಕ್ಕರೆ ಕಾಯಿಲೆಯಲ್ಲಿ ಕಾಲಿಗೆ ಸ್ಪರ್ಶ ಹೋಗುತ್ತೆ, ಒಳಗೆ ಕೀವಾದರೂ ನಿಮಗೆ ಗೊತ್ತಾಗಲ್ಲ. ಈ ಮುಲಾಮು ಒಡೆದ ಕೈಗೆ, ತರಚಿದ ಮೊಣಕೈಗೆ. ಒಳಗೆ ಇಳಿದ ಗಾಯಕ್ಕಲ್ಲ. ಅಮ್ಮನೇ ಹೇಳ್ತಿದ್ದಳಲ್ಲ, ಗಾಯಕ್ಕೆ ತಳ ಕಾಣದಿದ್ದರೆ ಡಬ್ಬಿ ಮುಟ್ಟಬೇಡಿ ಅಂತ. ನೆನಪಿದೆಯಾ?

ನಾಳೆಯೇ ಡಾಕ್ಟರ ಹತ್ರ ಹೋಗಿ. ನಾಳಿದ್ದಲ್ಲ, ನಾಳೆ. ಗಾಯದ ಅಳತೆ ಬರೆದು ಕಳಿಸಿ. ಊರಿನವರ ಸೊಂಟ, ಎದೆ ಎಲ್ಲ ಅಳೆದಿದೀರಿ, ನಿಮ್ಮ ಗಾಯ ಅಳೆಯೋಕೆ ಏನು ಕಷ್ಟ?

ಕೈ ಮುಗಿದು ಕೇಳ್ಕೋತೀನಿ ಅಪ್ಪಾ.

ಗುಂಡಿ


ಡಿಸೆಂಬರ್ 18

ಗುಂಡೀ,

ಹೂವು ಬಿಟ್ಟಿದೆ! ಮೊದಲು ಒಂದು, ಮಾರನೇ ದಿನ ಐದು, ಈಗ ಪಾತಿ ತುಂಬ. ಕೆಲವು ಹಳದಿ, ಕೆಲವು ಕಿತ್ತಳೆ. ಇಬ್ಬನಿ ಆರಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಕೀಳ್ತೀನಿ. ಬೆರಳಿಗೆ ಗೋಂದಿನ ಹಾಗೆ ಅಂಟುತ್ತೆ. ಅಂಟು ಜಾಸ್ತಿಯಿದ್ದಷ್ಟೂ ಒಳ್ಳೇ ಔಷಧಿ ಅಂತಿದ್ದಳು. ದಿನ ಬಿಟ್ಟು ದಿನ ಕೀಳಲೇಬೇಕು. ಕಿತ್ತಷ್ಟೂ ಬಿಡುತ್ತೆ. ಬಿಟ್ಟುಬಿಟ್ಟರೆ ಬೀಜ ಕಟ್ಟಿ, ನನ್ನ ಕೆಲಸ ಮುಗೀತು ಅಂತ ಗಿಡ ಕೂತುಬಿಡುತ್ತೆ. ಕತ್ತರಿಸೋ ಮೇಜಿನ ಮೇಲೆ ಹಳೇ ದುಪ್ಪಟಿ ಹಾಸಿ ಹೂವು ಬೋರಲು ಹಾಕಿದೀನಿ. ದಳ ಬೇಗ ಒಣಗಿ ಮೋಸ ಮಾಡುತ್ತೆ, ಬುಡದ ಹಸಿರು ಗಂಟು ಮುರಿದರೆ ಟಕ್ ಅನ್ನಬೇಕು. ಹಸಿ ಇದ್ದರೆ ಎಣ್ಣೆಗೆಲ್ಲ ಬೂಷ್ಟು ಹಿಡಿಯುತ್ತೆ. ಒಣಗಿದ್ದನ್ನ ಎಣ್ಣೆ ಬಾಟಲಿಗೆ ತುಂಬಿ ಕಿಟಕಿಯಲ್ಲಿ ಇಟ್ಟಿದೀನಿ. ತಿಂಗಳು ಬಿಟ್ಟು ಸೋಸಿ ಜೇನುಮೇಣ ಹಾಕಿದರೆ ಆಯ್ತು. ಗಿರಾಕಿಗಳಿಗೆ ಬಟ್ಟೆ ಹರಡಿ ತೋರಿಸೋಕೆ ಜಾಗವೇ ಇಲ್ಲ. "ಇದೇನು ಅಂಗಡಿಯೋ ಔಷಧಾಲಯವೋ?" ಅಂತಾರೆ.

ಕಾಲು ಚೆನ್ನಾಗಿದೆ. ಅಳತೆ: ಅಂಗಿ ಗುಂಡಿಯಷ್ಟು. ಬೆಳಗ್ಗೆ ಸಂಜೆ ಮುಲಾಮು ಬದಲಾಯಿಸ್ತೀನಿ. ಡಾಕ್ಟರು ಊರಲ್ಲಿಲ್ಲ.

ಅಪ್ಪ


ಡಿಸೆಂಬರ್ 24

ಅಪ್ಪಾ,

ಡಾಕ್ಟರು ಊರಲ್ಲಿಲ್ಲ? ತಿಂಗಳಿಡೀ? ಅಷ್ಟು ದೊಡ್ಡ ಊರಿಗೆ ಒಬ್ಬರೇನಾ? ಹೂವಿಗೆ ಹದಿನೈದು ಸಾಲು, ಕಾಲಿಗೆ ನಾಲ್ಕು.

ಅಂಗಿ ಗುಂಡಿ ಅಂದರೆ ಯಾವ ಅಂಗಿ? ಅಂಚು ಕೆಂಪಗಿದೆಯಾ, ಕಪ್ಪಗಿದೆಯಾ? ವಾಸನೆ ಇದೆಯಾ? ಜ್ವರ, ಚಳಿ? ಬ್ರೆಡ್ಡಂಗಡಿಗೆ ಫೋನ್ ಮಾಡಿದ್ದೆ. ಅವರು "ಆರಾಮಾಗಿದಾರಮ್ಮ, ಆರಾಮಾಗಿದಾರೆ" ಅಂತ ಎರಡೆರಡು ಸಲ ಅಂದು ಫೋನ್ ಇಟ್ಟುಬಿಟ್ಟರು. ನೀವು ಅವರ ಬಾಯಿಗೂ ಬೀಗ ಹಾಕಿದೀರಿ ಅಂತ ನನಗೆ ಅನುಮಾನ.

ನಾನು ಕೆಲಸ ಮಾಡೋ ವಾರ್ಡ್ ಯಾವುದು ಗೊತ್ತಲ್ಲ? ಇಂಥ ಕಾಲುಗಳದೇ. ದಿನಾ ನೋಡ್ತೀನಿ. ಎಲ್ಲರೂ ಅನ್ನೋದು ಒಂದೇ ಮಾತು, ಚಿಕ್ಕದಿತ್ತು, ನೋವಿರಲಿಲ್ಲ, ಏನೋ ಹಚ್ಚಿದ್ವಿ ಅಂತ. ಬರಲಾ? ಒಂದು ಸಲ ಹ್ಞೂಂ ಅನ್ನಿ, ರೈಲು ಹತ್ತುತೀನಿ.

ಗುಂಡಿ


ಜನವರಿ 19

ಗುಂಡೀ,

ಬೇಡ. ಬರಬೇಡ. ಕಾಲು ಹಾಗೇ ಇದೆ, ಅಂಗಿ ಗುಂಡಿಯಷ್ಟೇ. ಗಿಡಗಳೂ ಚೆನ್ನಾಗಿವೆ, ದಿನ ಬಿಟ್ಟು ದಿನ ಕೀಳ್ತಿದೀನಿ.

ಇದರ ಜೊತೆ ಬೀಜ ಇಟ್ಟಿದೀನಿ. ನಿನ್ನ ಬಾಲ್ಕನಿಯಲ್ಲಿ ಹಾಕ್ಕೋ. ಇನ್ನೂರಕ್ಕೂ ಜಾಸ್ತಿ ಇದೆ. ಚೆನ್ನಾಗಿ ಬಲಿತಿದೆ, ಒಂದೂ ಹುಸಿ ಹೋಗಲ್ಲ.

ಕೆಲಸ ಜಾಸ್ತಿ, ಅದಕ್ಕೇ ಚಿಕ್ಕದಾಗಿ ಬರೆದಿದೀನಿ.

ಅಪ್ಪ


ಜನವರಿ 24, ಬೆಳಗ್ಗೆ ಹತ್ತೂವರೆ. ನಿಮ್ಮ ಮುಂಬಾಗಿಲ ಮೆಟ್ಟಿಲು

ಅಪ್ಪಾ,

ಬಾಗಿಲು ತಟ್ಟಿ ಇಪ್ಪತ್ತು ನಿಮಿಷ ಆಯ್ತು. ಒಂದು ಸಲ "ಹೋಗು" ಅಂದಿರಿ. ಆಮೇಲೆ ಸದ್ದೇ ಇಲ್ಲ. ಮಾತು ಬೇಡ ಅಂದರೆ ಬೇಡ, ಕಾಗದ ಓದ್ತೀನಿ ಅಂದಿದ್ದಿರಲ್ಲ, ಬರೀತಿದೀನಿ. ಇದು ಬ್ರೆಡ್ ಕಟ್ಟೋ ಕಾಗದ. ಬಾಗಿಲ ಸಂದಿಯಿಂದ ತಳ್ತೀನಿ.

ಆ ಬೀಜ ಕಳಿಸಬಾರದಿತ್ತು ನೀವು. ಬಿಚ್ಚಿ ನೋಡಿದೆ, ತಕ್ಷಣ ರೈಲು ಹತ್ತಿದೆ. ಹೂವು ಬಾಡಿ, ಬೀಜ ಕಟ್ಟಿ, ಕಂದು ಬಣ್ಣಕ್ಕೆ ತಿರುಗಿ ಒಣಗೋಕೆ ಮೂರು ನಾಲ್ಕು ವಾರ ಬೇಕು. ದಿನ ಬಿಟ್ಟು ದಿನ ಕಿತ್ತಿದ್ದರೆ ಇನ್ನೂರು ಬೀಜ ಎಲ್ಲಿಂದ ಬಂತು? ಕ್ರಿಸ್‌ಮಸ್ ಹೊತ್ತಿನಿಂದ ನೀವು ಪಾತಿ ಹತ್ರ ಹೋಗೇ ಇಲ್ಲ. ಹಿತ್ತಲ ಬಾಗಿಲಿಂದ ಪಾತಿಗೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆ ನಿಮ್ಮ ಕೈಲಿ ಆಗ್ತಿಲ್ಲ. ಈಗ ಬ್ರೆಡ್ಡಂಗಡಿಯವರು ಬಾಯಿ ಬಿಟ್ಟರು. ನೀವು ಹೇಳಿದ ಹಾಗೆ ಬೀಜ ಕೊಯ್ದು ಕಿಟಕಿಯಲ್ಲಿ ಕೊಟ್ಟಿದ್ದು ಅವರೇ. ಬ್ರೆಡ್ಡೂ ಕಿಟಕಿಯಲ್ಲೇ ಕೊಡ್ತಿದಾರಂತೆ. ಯಾರಿಗಾದರೂ ಹೇಳಿದರೆ ಇನ್ನು ಮುಖ ನೋಡಲ್ಲ ಅಂದಿದ್ದಿರಂತೆ. ಪಾಪ, ನನ್ನ ಮುಂದೆ ನಿಂತು ಅಳ್ತಿದಾರೆ.

ಸಹಿ ವಿಷಯ ಹೇಳಿಬಿಡ್ತೀನಿ. ಅಮ್ಮನ ಕಾಗದಕ್ಕೆ ಸಹಿ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಇನ್ನೊಂದು ಸಲ ಬಂದರೂ ಹಾಕ್ತೀನಿ. ನನ್ನ ತಪ್ಪು ಬೇರೆ. ಡಾಕ್ಟರು ಸೋಮವಾರವೇ ಕೇಳಿದ್ದರು. ನಿಮಗೆ ಹೆದರಿ, ಅಪ್ಪ ಒಪ್ಪಲಿ ಅಂತ ಬುಧವಾರದವರೆಗೆ ಕಾದೆ. ಆ ಎರಡು ದಿನದಲ್ಲಿ ನಂಜು ರಕ್ತಕ್ಕೆ ಹೋಯ್ತು. ಈ ಸಲ ನಿಮಗೆ ಹೆದರಲ್ಲ. ಬ್ರೆಡ್ಡಂಗಡಿಯವರು ಹಾರೆ ತರೋಕೆ ಹೋಗ್ತಿದಾರೆ. ಅವರು ಬರೋದರೊಳಗೆ ಚಿಲಕ ತೆಗೀರಿ.

ಗುಂಡಿ


(ಅದೇ ಕಾಗದದ ಹಿಂದೆ, ಬಟ್ಟೆಗೆ ಗುರುತು ಹಾಕೋ ಪೆನ್ಸಿಲಿನಲ್ಲಿ)

ಕಾಲು ಕತ್ತರಿಸ್ತೀಯಾ? ನಿಜ ಹೇಳು.

ಅಪ್ಪ


ಹತ್ತೂ ಮುಕ್ಕಾಲು

ಗೊತ್ತಿಲ್ಲ. ನೋಡದೆ ಹೇಳೋಕಾಗಲ್ಲ. ಕತ್ತರಿಸಬೇಕಾಗಬಹುದು. ಇಲ್ಲ ಅಂತ ಸುಳ್ಳು ಹೇಳಿ ಬಾಗಿಲು ತೆಗೆಸಲ್ಲ. ಆದರೆ ನೀವು ಒಳಗೇ ಕೂತರೆ ಕಾಲಲ್ಲ, ನೀವೇ ಹೋಗ್ತೀರಿ. ಅದು ನನಗೆ ಖಂಡಿತ ಗೊತ್ತು. ಅಪ್ಪಾ, ತೆಗೀರಿ.

ಗುಂಡಿ


(ಹಿಂದೆ, ಪೆನ್ಸಿಲಿನಲ್ಲಿ)

ಹಠ ಅಲ್ಲ ಕಣೇ. ಏಳೋಕಾಗ್ತಿಲ್ಲ. ನಿನ್ನೆ ಬೆಳಗ್ಗೆಯಿಂದ ನೆಲದ ಮೇಲಿದೀನಿ. ಇಲ್ಲಿವರೆಗೆ ತೆವಳಿ ಬಂದೆ. ಚಿಲಕ ಎಟಕಲ್ಲ. ನಿನಗೆ ಇದು ಗೊತ್ತಾಗಬಾರದು ಅಂತಿತ್ತು. ಚಳಿ ತಡೆಯೋಕಾಗ್ತಿಲ್ಲ. ಒಡೆದು ಬಾ.


ಫೆಬ್ರವರಿ 20. ಆಸ್ಪತ್ರೆ, ಎರಡನೇ ಮಹಡಿ

ಗುಂಡೀ,

ನೀನು ಡ್ಯೂಟಿಗೆ ವಾಪಸ್ ಹೋಗಿ ನಾಲ್ಕು ದಿನ ಆಯ್ತು. ಮೂರು ವಾರ ಪಕ್ಕದಲ್ಲೇ ಕೂತಿದ್ದೆ, ಆಗ ಬಾಯಿ ಬರಲಿಲ್ಲ. ನಿನ್ನ ಮುಖ ನೋಡ್ಕೊಂಡು ಹೇಳೋ ಧೈರ್ಯ ನನಗಿಲ್ಲ, ಅದಕ್ಕೇ ಬರೀತಿದೀನಿ.

ಮೊದಲು ಕಾಲಿನ ವಿಷಯ. ಮೊಣಕಾಲಿನ ಕೆಳಗೆ ಕಟ್ಟಿರೋ ಬಟ್ಟೆಯಲ್ಲಿ ಈಗ ರಕ್ತ ಬರ್ತಿಲ್ಲ. ಇಲ್ಲದ ಹಿಮ್ಮಡಿ ತುರಿಸುತ್ತೆ. ಅಷ್ಟು ತಿಂಗಳು ಇದ್ದಾಗ ಏನೂ ಗೊತ್ತಾಗದ ಹಿಮ್ಮಡಿ, ಹೋದ ಮೇಲೆ ತುರಿಸುತ್ತಂತೆ! ಇಲ್ಲಿನ ನರ್ಸಮ್ಮ ಅದೆಲ್ಲ ಮಾಮೂಲು ಅಂದಳು. ಕೈಯಲ್ಲಿ ತಿರುಗಿಸೋ ಮಿಷನ್ ಸಿಗುತ್ತೆ, ಹೊಲಿಗೆ ನಿಲ್ಲಲ್ಲ ಅಂತ ಬ್ರೆಡ್ಡಂಗಡಿಯವನು ಸಮಾಧಾನ ಹೇಳಿ ಹೋದ.

ಈಗ ಆ ವಿಷಯ. ನಿಮ್ಮಮ್ಮನ ಕಾಲಿನ ಗಾಯ ನಿನಗೆ ತೋರಿಸಿದ್ದು ಜುಲೈನಲ್ಲಿ. ಅವಳು ನನಗೆ ತೋರಿಸಿದ್ದು ಜೂನ್ ಮೊದಲ ವಾರ. ಹೆಬ್ಬೆರಳ ಕೆಳಗೆ, ಒಂದು ಕಾಳಿನಷ್ಟು. ಮಗಳಿಗೆ ಹೇಳೋಣ ಅಂದಳು. ಬೇಡ, ಅವಳು ಬಂದರೆ ಸೀದಾ ಆಸ್ಪತ್ರೆಗೆ ಎತ್ತಾಕ್ಕೊಂಡು ಹೋಗ್ತಾಳೆ, ನಿನ್ನದೇ ಮುಲಾಮು ಇದೆಯಲ್ಲ ಅಂದೆ. ತಳ ಕಾಣ್ತಿಲ್ಲ ಕಣ್ರೀ, ಇದಕ್ಕೆ ಆಗಲ್ಲ ಅಂದಳು. ನಾನು ಕೇಳಲಿಲ್ಲ. ನಾನೇ ಹಚ್ಚಿದೆ. ಬೆಳಗ್ಗೆ ಸಂಜೆ, ಅವಳ ಕಾಲು ತೊಡೆ ಮೇಲೆ ಇಟ್ಕೊಂಡು, ಐದು ವಾರ. ಅವಳು ಸುಮ್ಮನೆ ಹಚ್ಚಿಸಿಕೊಂಡಳು. ನನ್ನ ಮನಸ್ಸು ನೋಯಬಾರದು ಅಂತ ಇರಬೇಕು. ನಿನಗೆ ಹೇಳಬೇಡ ಅಂತ ಮಾತು ತಗೊಂಡಿದ್ದೆ. ಮಾತು ಉಳಿಸ್ಕೊಂಡೇ ಹೋದಳು.

ಅವಳು ಹೋದ ದಿನ ನಿನ್ನ ಸಹಿ ನೆನಪಾಯ್ತು. ಅದನ್ನ ಹಿಡ್ಕೊಂಡೆ. ನೀನು ಕೊಂದೆ ಅಂತ ಕೂಗಾಡಿದರೆ ನಾನು ಕೊಂದಿಲ್ಲ ಅಂತ ಆಗುತ್ತಲ್ಲ. ಸೂಜಿ ಚುಚ್ಚಿದ್ದು ನೋಡಿದಾಗ, ನಿಜ ಹೇಳ್ತೀನಿ, ಒಳಗೊಳಗೇ ಖುಷಿಯಾಯ್ತು. ಅದೇ ಕಾಯಿಲೆ, ಅಂಥದೇ ಗಾಯ, ಅದೇ ಡಬ್ಬಿ. ನನ್ನದು ವಾಸಿಯಾಗಿಬಿಟ್ಟರೆ ಮುಲಾಮಿನದೇನೂ ತಪ್ಪಿರಲಿಲ್ಲ, ನನ್ನದೂ ಇರಲಿಲ್ಲ ಅಂತ ಆಗ್ತಿತ್ತು. ಅದಕ್ಕೇ ಡಾಕ್ಟರ ಹತ್ರ ಹೋಗಲಿಲ್ಲ. ಗಾಯ ದೊಡ್ಡದಾದ ಹಾಗೆಲ್ಲ ಇನ್ನೂ ದಪ್ಪಗೆ ಹಚ್ಚಿದೆ. ನಿನಗೆ ಅಳತೆ ಬರೆದೆನಲ್ಲ, ಅಂಗಿ ಗುಂಡಿ ಅಂತ? ಎರಡನೇ ಸಲ ಬರೆಯೋ ಹೊತ್ತಿಗೆ ಅದು ನನ್ನ ಅಂಗೈಯಷ್ಟಿತ್ತು. ನಲವತ್ತು ವರ್ಷದಲ್ಲಿ ನಾನು ಬರೆದ ಒಂದೇ ಸುಳ್ಳು ಅಳತೆ ಅದು.

ಎರಡು ದಿನ ತಡ ಮಾಡಿದೆ ಅಂತ ನೀನು ಮೆಟ್ಟಿಲ ಮೇಲೆ ಕೂತು ಬರೆದೆ. ನಿನ್ನದು ಎರಡು ದಿನ. ನನ್ನದು ಐದು ವಾರ. ಕ್ಷಮಿಸು ಅಂತ ಕೇಳೋಕೆ ನನಗೆ ಮುಖ ಇಲ್ಲ. ನಿನಗೆ ಗೊತ್ತಿರಲಿ ಅಂತ ಬರೆದೆ.

ಅಪ್ಪ


ಮಾರ್ಚ್ 3

ಅಪ್ಪಾ,

ಕಾಗದ ಬಂದು ಎಂಟು ದಿನ ಆಯ್ತು. ಮೊದಲ ದಿನ ಓದಿ ಹರಿದುಹಾಕಿದೆ. ಆಮೇಲೆ ಚೂರುಗಳನ್ನ ಆರಿಸಿ ಮೇಜಿನ ಮೇಲೆ ಜೋಡಿಸಿ ಮತ್ತೆ ಓದಿದೆ.

ಸಿಟ್ಟಿದೆ. ತುಂಬ ಇದೆ. ಅಮ್ಮನಿಗೆ ಕೊಳ್ಳಿ ಇಟ್ಟವಳು ಅನ್ನೋ ಹಾಗೆ ನನ್ನನ್ನ ನೋಡಿದಿರಿ. ಅವಳ ಸೀರೆ ಒಂದು ಕೇಳಿದರೂ ಕೊಡಲಿಲ್ಲ. ಹದಿನಾಲ್ಕು ತಿಂಗಳು ನಾನು ನಿದ್ದೆಯಲ್ಲೂ ಸಹಿ ಹಾಕ್ತಿದ್ದೆ, ಗೊತ್ತಾ? ಪರವಾಗಿಲ್ಲ ಬಿಡಿ ಅಂತ ಬರೆಯೋಕೆ ಕೂತೆ, ಕೈ ಬರಲಿಲ್ಲ. ಪರವಾಗಿದೆ. ಬಹಳ ದಿನ ಪರವಾಗಿಯೇ ಇರುತ್ತೆ. ಎಷ್ಟು ದಿನ ಅಂತ ನನಗೇ ಗೊತ್ತಿಲ್ಲ. ಬಂದಾಗ ನಿಮ್ಮ ಹತ್ರ ಸರಿಯಾಗಿ ಮಾತಾಡ್ತೀನೋ ಇಲ್ವೋ, ಅದನ್ನೂ ಹೇಳೋಕಾಗಲ್ಲ.

ಶನಿವಾರ ನಿಮ್ಮನ್ನ ಮನೆಗೆ ಕಳಿಸ್ತಾರಂತೆ, ಅಲ್ಲಿನ ನರ್ಸ್ ಹೇಳಿದರು. ಒಬ್ಬರೇ ಹೋಗಬೇಡಿ. ಹನ್ನೊಂದು ಗಂಟೆ ರೈಲಿಗೆ ಬರ್ತೀನಿ. ಒಂದು ತಿಂಗಳು ರಜೆ ಹಾಕಿದೀನಿ. ಇನ್ನೊಂದು ಕಾಲಿನ ಚೀಲ ಬಿಚ್ಚಿಟ್ಟುಕೊಂಡು ಕೂತಿರಿ, ಬಂದ ತಕ್ಷಣ ಅಂಗಾಲು ನೋಡಬೇಕು.

ಗುಂಡಿ